ಅಪ್ಪನ ತವರುಮನೆ

ನನಗೊಂದು ಚಟವಿದೆ. ಯಾವ ಮನೆಯ ಬಾಗಿಲಿಗೆ ಹೋದರೂ ಒಳಗೆ ಕಾಲಿಡುವ ಮುಂಚೆ ಒಮ್ಮೆ ಕೆಮ್ಮುತ್ತೇನೆ. ನೆಗಡಿಯಿಲ್ಲ, ಕಫವಿಲ್ಲ, ಸುಮ್ಮನೆ ಒಂದು ಕೆಮ್ಮು. ಪರರ ಮನೆಯಾದರೆ ಹೋಗಲಿ ಬಿಡಿ, ಇಂಡಿ ಊರಿನ ನಮ್ಮ ಸ್ವಂತ ಮನೆಗೆ ಸಂತೆಯಿಂದ ಕಾಯಿಪಲ್ಯೆ ಹೊತ್ತುಕೊಂಡು ಬಂದಾಗಲೂ ಕೆಮ್ಮಿಯೇ ಒಳಗೆ ಬರುತ್ತೇನೆ. ಒಳಗೆ ಇರುವವರಾದರೂ ಯಾರು? ಪೇಪರಿನ ಹಿಂದೆ ಕೂತ ನಮ್ಮ ಯಜಮಾನರು. "ಬಾ ಬಾ, ತಲಿಮ್ಯಾಗ ಸೆರಗ ಇಲ್ದಾವರು ಒಳಗ ಯಾರೂ ಇಲ್ಲ," ಎಂದು ಅವರು ಪೇಪರು ಸರಿಸದೆಯೇ ಚೇಷ್ಟೆ ಮಾಡುತ್ತಾರೆ. ಮದುವೆಯಾದಾಗಿನಿಂದ ಮಾಡುತ್ತಿರುವ ಚೇಷ್ಟೆ ಅದು, ಅವರಿಗೂ ಬೇಸರವಿಲ್ಲ, ನನಗೂ ಸಿಟ್ಟಿಲ್ಲ.

ಈ ಕೆಮ್ಮು ಮೂಲತಃ ಗಂಡಸರ ಸೊತ್ತು. ನಮ್ಮ ಕಡೆ ಹಿಂದೆಲ್ಲ ಗಂಡಸರು ಹೊರಗಿನಿಂದ ಬಂದರೆ ಹೊಸ್ತಿಲ ಹತ್ತಿರ ಒಮ್ಮೆ ಕೆಮ್ಮುತ್ತಿದ್ದರು. ಅದು ಕೇಳಿದ ಕೂಡಲೇ ಒಳಗಿನ ಹೆಂಗಸರು ಸೆರಗು ತಲೆಯ ಮೇಲೆಳೆದುಕೊಂಡು, ಕಾಲು ಚಾಚಿದ್ದರೆ ಮಡಚಿಕೊಂಡು, ನಗುತ್ತಿದ್ದರೆ ನಗು ನುಂಗಿಕೊಂಡು ಎದ್ದು ನಿಲ್ಲಬೇಕು. ಹೆಣ್ಣಾಗಿ ಹುಟ್ಟಿದ ನನಗೆ ಈ ಕೆಮ್ಮು ಬಂದದ್ದು ಅಪ್ಪನಿಂದ. ಆದರೆ ಅಪ್ಪನ ಕೆಮ್ಮು ಬೇರೆ ಜಾತಿಯದು. ಉಳಿದ ಗಂಡಸರ ಕೆಮ್ಮು "ನಾ ಬಂದೆ" ಎಂದು ಹೇಳುತ್ತಿತ್ತು. ಅಪ್ಪನ ಕೆಮ್ಮು "ಬರಲೇನು" ಎಂದು ಕೇಳುತ್ತಿತ್ತು. ಯಾಕೆಂದರೆ ನಮ್ಮ ಅಪ್ಪ ಆ ಮನೆಯ ಮಗನಲ್ಲ. ಮನೆ ಅಳಿಯ.

ಮನೆ ಅಳಿಯ ಎಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ, ನಿಮಗೆ ಬೇಡ. ಯಂಕಂಚಿಯಲ್ಲಿ ನನ್ನ ಅವ್ವನ ಅಪ್ಪ, ಅಂದರೆ ನಮ್ಮ ಮುತ್ಯಾ, ಎರಡು ಜೋಡಿ ಎತ್ತಿನ ಒಕ್ಕಲುತನ ಇಟ್ಟವನು. ಕರಿಮಣ್ಣಿನ ಹೊಲ, ದೊಡ್ಡ ಮಾಳಿಗೆ ಮನೆ, ಅದರೊಳಗೆ ಮೂರು ಹೆಣ್ಣುಮಕ್ಕಳು. ಗಂಡುಸಂತಾನ ಇರಲಿಲ್ಲ. ಚಿಕ್ಕವರಿಬ್ಬರಲ್ಲಿ ಒಬ್ಬಳನ್ನು ಮುದ್ದೇಬಿಹಾಳಕ್ಕೆ, ಒಬ್ಬಳನ್ನು ಬಸವನ ಬಾಗೇವಾಡಿಗೆ ಕೊಟ್ಟ. ಹಿರಿಯಳಾದ ನಮ್ಮ ಅವ್ವನನ್ನು ಎಲ್ಲಿಗೂ ಕೊಡದೆ ಮನೆಯಲ್ಲೇ ಇಟ್ಟುಕೊಂಡು, ಹೊರ್ತಿಯಿಂದ ಅಪ್ಪನನ್ನು ತಂದ. "ತಂದ" ಎಂಬ ಮಾತು ನನ್ನದಲ್ಲ, ಊರವರದು. ಎಲ್ಲ ಮನೆಗೂ ಹೆಣ್ಣು ತರುತ್ತಾರೆ, ಇವರು ಗಂಡು ತಂದರು ಎಂದು ಬಾವಿಯ ಹತ್ತಿರ ಹೆಂಗಸರು ನಗುತ್ತಿದ್ದರು.

ಅಪ್ಪನಿಗೆ ಸಿದ್ದಪ್ಪ ಎಂಬ ಹೆಸರಿತ್ತು. ಅದು ಯಾರಿಗೂ ಬೇಕಾಗಲಿಲ್ಲ. ಮುತ್ಯಾ "ಅಳ್ಯಾರ" ಎನ್ನುತ್ತಿದ್ದ, ಊರಿಗೆ ಊರೇ "ಅಳ್ಯಾರ" ಎನ್ನುತ್ತಿತ್ತು. ನನ್ನನ್ನು ಸಾಲಿಗೆ ಹಾಕಿದ ದಿನ ಮಾಸ್ತರರು ಅಪ್ಪನ ಹೆಸರು ಕೇಳಿದರು. ನಾನು ಗಟ್ಟಿಯಾಗಿ "ಅಳ್ಯಾರ್ರಿ" ಎಂದೆ. ಮಾಸ್ತರರೂ ನಕ್ಕರು, ಹುಡುಗರೂ ನಕ್ಕರು. ನಗುವುದು ಯಾಕೆಂದು ತಿಳಿಯದೆ ನಾನೂ ಅವರ ಜೊತೆ ನಕ್ಕೆ.

ನಮ್ಮ ಮನೆಯಲ್ಲಿ ಎಲ್ಲ ತಿರುವುಮುರುವು ಎಂದು ತಿಳಿಯಲು ನನಗೆ ಗೆಳತಿಯರ ಮನೆಗಳನ್ನು ನೋಡಬೇಕಾಯಿತು. ಅಲ್ಲಿ ಅಪ್ಪಂದಿರು ಗದರುತ್ತಿದ್ದರು, ಅವ್ವಂದಿರು ಒಲೆಯ ಮುಂದೆ ಮೂಗು ಒರೆಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಅವ್ವ ಹುಟ್ಟಿದ ಮನೆಯ ಮಗಳು. ತಲೆಯ ಮೇಲೆ ಸೆರಗಿಲ್ಲದೆ ಮನೆತುಂಬ ಓಡಾಡುತ್ತಿದ್ದಳು, ಮುತ್ಯಾನಿಗೆ ಎದುರು ಮಾತಾಡುತ್ತಿದ್ದಳು, ಸಿಟ್ಟು ಬಂದರೆ ಸೌಟನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಸಿಟ್ಟು ನುಂಗುವ ಕೆಲಸ ಅಪ್ಪನದು. ಊಟಕ್ಕೆ ಕರೆದ ಮೇಲೆಯೇ ಬರುತ್ತಿದ್ದ. ಪಡಸಾಲೆಯ ಕಂಬದ ಮಗ್ಗುಲಲ್ಲಿ, ಎದ್ದು ಹೋಗುವವನ ಹಾಗೆ ಕೂತು ಉಣ್ಣುತ್ತಿದ್ದ. ತಾನಾಗಿ ಇನ್ನೊಂದು ರೊಟ್ಟಿ ಕೇಳಿದ್ದು ನಾನು ಕಂಡಿಲ್ಲ. ಅವ್ವನ ಅವ್ವ, ನಮ್ಮ ಆಯಿ, ಅಳಿಯನ ಎದುರಿಗೆ ಬರುವವಳಲ್ಲ. ಬಾಗಿಲ ಹಿಂದೆ ನಿಂತು ತಾಟು ನೋಡಿ "ಏ ಕೂಸ, ನಿಮ್ಮಪ್ಪಗ ರೊಟ್ಟಿ ಹಾಕು" ಎಂದು ನನಗೆ ಹೇಳುತ್ತಿದ್ದಳು. ಅಪ್ಪ "ಸಾಕ್ರಿ" ಎನ್ನುತ್ತಿದ್ದ. ಯಾವತ್ತೂ "ಸಾಕ್ರಿ"ಯೇ. ಹೊಟ್ಟೆ ತುಂಬಿದ "ಸಾಕ್ರಿ" ಯಾವುದು, ತುಂಬದ್ದು ಯಾವುದು ಎಂದು ಆಯಿಗೆ ಗೊತ್ತಾಗುತ್ತಿತ್ತು. ಅವಳೂ ಒಂದು ಕಾಲಕ್ಕೆ ಆ ಮನೆಗೆ ಸೊಸೆಯಾಗಿ ಬಂದವಳೇ ಅಲ್ಲವೇ?

ಒಮ್ಮೆ ನಾನು ಅವ್ವನನ್ನೇ ಕೇಳಿದೆ. "ಅವ್ವಾ, ನಮ್ಮನಿ ಸೊಸಿ ಅಪ್ಪ ಏನ?" ಅವ್ವ ನಕ್ಕಳು, ಆಮೇಲೆ ನನ್ನ ತಲೆಗೊಂದು ಮೊಟಕಿದಳು, ಆಮೇಲೆ ಅಂದು ಸಂಜೆ ಅಪ್ಪನ ರೊಟ್ಟಿಗೆ ಬೆಣ್ಣೆ ಹಚ್ಚಿಟ್ಟಳು. ಅಪ್ಪನ ಮೇಲೆ ಅವಳಿಗೆ ಜೀವವಿತ್ತು. ಆದರೆ ಅವಳು ಎಂದೂ ತವರು ಬಿಟ್ಟವಳಲ್ಲ, ಬಿಟ್ಟವರ ಸಂಕಟ ಅವಳಿಗೆ ತಿಳಿಯದು. ಹಾಗೆ ನೋಡಿದರೆ ಉಳಿದ ಮನೆಗಳಲ್ಲಿ ಗಂಡಸರಿಗೆ ತಿಳಿಯದೆ ಇದ್ದದ್ದೂ ಅದೇ.

ನಮ್ಮ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ಮಧ್ಯಾಹ್ನ ಅದರಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ರೊಟ್ಟಿಯಗಲ ಬೆಳಕು ಬೀಳುತ್ತಿತ್ತು. ಹೊಲದ ಕೆಲಸ ಇಲ್ಲದ ದಿನ ಅಪ್ಪ ಅದರ ಪಕ್ಕದಲ್ಲಿ ಬರಿನೆಲದ ಮೇಲೆ ಮಲಗುತ್ತಿದ್ದ, ನಾನು ಅವನ ತೋಳಿನ ಮೇಲೆ. ಬೆಳಕಿನ ಕೋಲಿನಲ್ಲಿ ಧೂಳಿನ ಕಣಗಳು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಅಪ್ಪ ಹೊರ್ತಿಯ ಮಾತು ತೆಗೆಯುತ್ತಿದ್ದ. ಹೊರ್ತಿಯ ಬಾವಿಯ ನೀರು ಕುಡಿದರೆ ಬೆಲ್ಲ ತಿಂದ ಹಾಗೆ. ಹೊರ್ತಿಯ ಹಿತ್ತಲಲ್ಲಿ ಒಂದು ಹುಣಸೇಮರ, ಅದರ ಟೊಂಗೆಗೆ ಜೋಕಾಲಿ ಕಟ್ಟಿ ಜೀಕಿದರೆ ಕಾಲಿಗೆ ಮೋಡ ಹತ್ತುತ್ತದೆ. ಹೊರ್ತಿಯಲ್ಲಿ ಅವನ ಅವ್ವ, ನಮ್ಮ ಹೊರ್ತಿ ಅಮ್ಮ, ಪಂಚಮಿಗೆ ಕಟ್ಟುವ ಶೇಂಗಾ ಉಂಡಿ ಬಾಯಲ್ಲಿಟ್ಟರೆ ಕರಗುತ್ತದೆ. ಇಷ್ಟು ಹೇಳುವಷ್ಟರಲ್ಲಿ ನನಗೆ ಜೊಂಪು ಹತ್ತುತ್ತಿತ್ತು. ಹಾಗಾಗಿ ನನ್ನ ಮಟ್ಟಿಗೆ ಹೊರ್ತಿ ಎಂಬುದು ಇಂಡಿ ತಾಲೂಕಿನ ಊರಾಗಿರಲಿಲ್ಲ, ನಿದ್ದೆಯಲ್ಲಿ ಹೋಗಿಬರುವ ಊರಾಗಿತ್ತು.

ನಮ್ಮ ಕಡೆ ನಾಗರಪಂಚಮಿ ಎಂದರೆ ಕೊಟ್ಟ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಬಂತೆಂದರೆ ಅಣ್ಣನೋ ತಮ್ಮನೋ ಬುತ್ತಿ ಕಟ್ಟಿಕೊಂಡು ಅವಳ ಗಂಡನ ಮನೆಗೆ ಹೋಗಿ ಕರೆದುತರಬೇಕು. ಕರೆಯದೆ ಬರುವುದು ಅವಮಾನ, ಕರೆದರೂ ಕಳಿಸದಿರುವುದು ಜಗಳ. ಅವ್ವನ ತಂಗಿಯರಾದ ನಮ್ಮ ಚಿಗವ್ವಂದಿರಿಗೆ ಅಣ್ಣತಮ್ಮಂದಿರು ಎಲ್ಲಿದ್ದರು? ಆ ಕೆಲಸವೂ ಅಪ್ಪನದೇ. ಮೊದಲು ಮುದ್ದೇಬಿಹಾಳ, ಆಮೇಲೆ ಬಾಗೇವಾಡಿ. ಕೆಂಪು ಬಸ್ಸಿನ ಮೇಲೆ ಅವರ ಟ್ರಂಕು ಹೇರಿಸಿ, ಅವರ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕರೆತರುತ್ತಿದ್ದ. ಬೇವಿನ ಮರ ಹತ್ತಿ ಅವರಿಗೆ ಜೋಕಾಲಿ ಕಟ್ಟುತ್ತಿದ್ದ. ಹಗ್ಗ ಗಟ್ಟಿಯಿದೆಯೋ ಇಲ್ಲವೋ ಎಂದು ತಾನೇ ಜೋತುಬಿದ್ದು ನೋಡಿ, ಇಳಿದು, ಧೋತರ ಜಾಡಿಸಿಕೊಂಡು ದೂರ ಹೋಗುತ್ತಿದ್ದ. ಹಬ್ಬ ಮುಗಿದ ಮೇಲೆ ಆಯಿ ಹೆಣ್ಣುಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡಿಸಿ ಉಡಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಷಿಣಕೊಂಬು. ತವರು ತುಂಬಿದ ಆ ಉಡಿಯನ್ನು ಗಂಡನ ಮನೆ ಮುಟ್ಟುವ ತನಕ ಕೆಳಗಿಳಿಸಬಾರದು. ಚಿಗವ್ವಂದಿರು ಸೆರಗು ಬಿಗಿಹಿಡಿದು ಅಳುತ್ತ ಬಸ್ಸು ಹತ್ತುತ್ತಿದ್ದರು. ಮುಟ್ಟಿಸಿ ಬರಲು ಜೊತೆಗೆ ಹೋಗುವವನೂ ಅಪ್ಪನೇ.

ಹಾಗಾದರೆ ಅಪ್ಪ ಹೊರ್ತಿಗೆ ಯಾಕೆ ಹೋಗುತ್ತಿರಲಿಲ್ಲ? ಗಂಡಸು, ಬಸ್ಸು ಹತ್ತಿದರೆ ಸಂಜೆಯೊಳಗೆ ಹೊರ್ತಿ. ತಡೆಯುವವರು ಯಾರು ಎನ್ನಬಹುದು ನೀವು. ಬಾಯಿಬಿಟ್ಟು ಯಾರೂ ತಡೆದಿರಲಿಲ್ಲ. ಮುತ್ಯಾನಿಗೆ ಮಾತ್ರ ಒಂದು ಅಂಜಿಕೆಯಿತ್ತು. ಯಾವುದೋ ಊರಿನ ಮನೆ ಅಳಿಯನೊಬ್ಬ ಅವ್ವನ ಮುಖ ನೋಡಿ ಬರುತ್ತೇನೆಂದು ಹೋದವನು ಅಲ್ಲೇ ಉಳಿದು, ಆ ಮನೆಯ ಒಕ್ಕಲುತನ ಹಾಳಾಗಿ ಹೋದ ಕತೆಯನ್ನು ಅವನು ಅಪ್ಪನ ಕಿವಿಗೆ ಬೀಳುವಂತೆ ಆಗಾಗ ಹೇಳುತ್ತಿದ್ದ. ಅತ್ತ ಹೊರ್ತಿಯಲ್ಲಿ ಅಪ್ಪನ ಅಣ್ಣನ ಸಂಸಾರ. ಕರೆಯದೆ ಹೋದರೆ ಪಾಲು ಕೇಳಲು ಬಂದನೇನೋ ಅಂದುಕೊಂಡಾರೆಂದು ಅಪ್ಪನಿಗೆ ನಾಚಿಕೆ. ಮದುವೆ, ಸಾವು ಎಂದು ಹೋದರೂ ಒಂದೇ ರಾತ್ರಿ ಇದ್ದು ಮರುದಿನವೇ ಹೊಳ್ಳಿ ಬರುತ್ತಿದ್ದ. ಪಂಚಮಿಗೆ ಅವ್ವನ ಮನೆಯಲ್ಲಿ ನಾಲ್ಕು ದಿನ ಇದ್ದು ಬರಬೇಕೆಂಬುದು ಅವನ ಆಸೆ. ಎಂತೆಂಥವರಿಗೋ ಸಿಗುವ ಈ ಸಣ್ಣ ಸುಖವನ್ನು ಗಂಡಸಾದವನು ಯಾರ ಹತ್ತಿರ ಕೇಳಬೇಕು, ಏನೆಂದು ಕೇಳಬೇಕು? ಕೇಳುವ ಪದ್ಧತಿಯೇ ಇರಲಿಲ್ಲ.

ನಾನು ಎರಡನೇ ಇಯತ್ತೆಯೋ ಮೂರನೇ ಇಯತ್ತೆಯೋ ಓದುತ್ತಿದ್ದ ವರ್ಷ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಊರಿಗೆ ಕರೆಂಟು ಬಂದಿತ್ತು, ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ. ಪಂಚಮಿಯ ಮುಂಚೆ ಒಂದು ಮುಂಜಾನೆ, ಮುತ್ಯಾ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದಾಗ, ಬಸ್ಸಿನಿಂದ ಇಳಿದ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಬಗಲಲ್ಲಿ ಗಂಟು ಇಟ್ಟುಕೊಂಡು ನಮ್ಮ ಮನೆಗೆ ಬಂದ. ನೀರು ಕೊಟ್ಟರು, ಚಹಾ ಕೊಟ್ಟರು. ಮಳೆ ಬೆಳೆಯ ಮಾತಾಯಿತು. ಆಮೇಲೆ ದೊಡ್ಡಪ್ಪ ಗಂಟು ಬಿಚ್ಚಿದ. ಉಂಡಿ, ರೊಟ್ಟಿ, ಗುರೆಳ್ಳು ಹಿಂಡಿ. ಹೆಣ್ಣುಮಕ್ಕಳನ್ನು ಕರೆಯಲು ಬರುವವರು ತರುವ ಬುತ್ತಿ.

"ಏನ್ರಿ ಬೀಗರ, ಇದು?" ಎಂದ ಮುತ್ಯಾ.

"ಸಿದ್ದೂನ್ನ ಪಂಚಮಿಗಿ ಕರ್ಯಾಕ ಬಂದೇನಿ," ಎಂದ ದೊಡ್ಡಪ್ಪ. ಅವನಿಗೂ ನಾಚಿಕೆಯಾಗಿತ್ತು, ನೆಲ ನೋಡುತ್ತಿದ್ದ.

ಮುತ್ಯಾ ಬಾಯೊಳಗಿನ ಎಲೆ ಉಗುಳಿ ಬಂದ. "ಗಣಮಗನ್ನ ಪಂಚಮಿಗಿ ಕರ್ಯಾಕ ಬರೂದು ಎಲ್ಲಿ ಪದ್ಧತಿರಿ? ಮಂದಿ ನಗ್ತಾರ."

"ನಾನೂ ಅದನ್ನ ಅಂದ್ನಿರಿ. ನಮ್ಮವ್ವ ಕೇಳವಲ್ಲಳು. ಕೊಟ್ಟ ಕೂಸು ಕರೀದ ಹೆಂಗ ಬರ್ತೈತಿ, ಕರ್ಯಾಕ ಹೋಗಬೇಕು ಅಂತ ಹಟ ಹಿಡದಾಳ. ಮೈಯಾಗ ಆರಾಮಿಲ್ಲರಿ ಆಕಿಗಿ."

ಅಪ್ಪ ದನದ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಜೋಳದ ಕಣಿಕೆಯ ಸಿವುಡು. ಅದನ್ನು ಎತ್ತುಗಳ ಮುಂದೆ ಹಾಕುವುದನ್ನು ಮರೆತು ಹಾಗೆಯೇ ನಿಂತಿದ್ದ. ಎತ್ತುಗಳು ಅದಕ್ಕೆ ಕೊರಳು ಚಾಚುತ್ತಿದ್ದವು.

ಮುತ್ಯಾ ಕಾರಣ ಹುಡುಕತೊಡಗಿದ. ಹೊಲ ಹರಗುವ ಕೆಲಸ ಬಾಕಿ ಇದೆ ಎಂದ. ಮಗಳಂದಿರನ್ನು ಯಾರು ಕರೆತರಬೇಕು ಎಂದ. ಬಾಗಿಲ ಹಿಂದಿನಿಂದ ಆಯಿಯ ಬಳೆ ಸದ್ದಾಯಿತು. "ಏ ಕೂಸ," ಎಂದಳು ಆಯಿ, ನನ್ನನ್ನು ಕರೆದು ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಮುತ್ಯಾಗ ಹೇಳು. ಮಗಳಂದ್ರನ್ನ ತಾನ ಹೋಗಿ ಕರಕೊಂಡ ಬರ್ಲಿ. ಇಷ್ಟ ವರ್ಷ ನಮ್ಮ ಮಕ್ಕಳನ್ನ ಅಂವ ಕರಕೊಂಡ ಬಂದಾನ. ಇವತ್ತ ಅಂವನ್ನ ಕರ್ಯಾಕ ಬಂದಾರ. ಕಳಸ್ಬೇಕು."

ನಾನು ಮುತ್ಯಾನ ಕಡೆ ತಿರುಗಿ ಹೇಳಲು ಬಾಯಿ ತೆರೆದೆ. "ಕೇಳಿಸ್ತು," ಎಂದ ಮುತ್ಯಾ.

ಅವ್ವನನ್ನು ಕಳಿಸಲಿಲ್ಲ. ಹಬ್ಬಕ್ಕೆ ತಂಗಿಯಂದಿರು ಬರುತ್ತಾರೆ, ಮನೆಯಲ್ಲಿ ಕೆಲಸ ಎಂದು ಮುತ್ಯಾ ಹೇಳಿದ. ಅವಳು ಇಲ್ಲೇ ಇದ್ದರೆ ಅಳಿಯ ಹೊಳ್ಳಿ ಬರುತ್ತಾನೆ ಎಂಬ ಲೆಕ್ಕ. ಅಷ್ಟೂ ಸಾಲದೆಂದು ನನ್ನನ್ನು ಜೊತೆ ಮಾಡಿದ. ಬಸ್ಸಿಗೆ ಹೊರಡುವ ಮುಂಚೆ ನನ್ನನ್ನು ಕಾಳು ತುಂಬುವ ಹಗೇವಿನ ಹತ್ತಿರ ಕರೆದುಕೊಂಡು ಹೋಗಿ, ಕೆಳಗೆ ಕೂತು, ಮುಖಕ್ಕೆ ಮುಖ ತಂದು ಹೇಳಿದ. "ಅವ್ವಿ, ನಿಮ್ಮಪ್ಪನ್ನ ಹೊಳ್ಳಿ ಕರಕೊಂಡ ಬರಬೇಕು ನೋಡು. ನೀ ಬಿಟ್ರ ನಂಗ್ಯಾರಿಲ್ಲ." ಆ ದೊಡ್ಡ ಮೀಸೆಯ ಮುತ್ಯಾನ ಕಣ್ಣಲ್ಲಿ ನೀರು ಕಂಡು ನನಗೆ ಅಂಜಿಕೆಯಾಯಿತು. ಹೂಂ ಎಂದೆ. ಅಲ್ಲಿಂದ ನಾನು ಪೊಲೀಸಳಾದೆ. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ, ಇಂಡಿಯಲ್ಲಿ ಚಹಾ ಕುಡಿಯುವಾಗ ಅಪ್ಪನ ಅಂಗಿಯ ಚುಂಗು ಹಿಡಿದುಕೊಂಡೇ ಇದ್ದೆ. "ಕೂಸಿಗಿ ಅಪ್ಪನ ಮ್ಯಾಲ ಭಾಳ ಮಾಯಾ ಐತಿ," ಎಂದು ದೊಡ್ಡಪ್ಪ ಮೆಚ್ಚಿಕೊಂಡ.

ಹೊರ್ತಿಯ ಆ ನಾಲ್ಕು ದಿನ ನನಗೆ ಸಾಲಾಗಿ ನೆನಪಿಲ್ಲ. ಬೆಳಕಿಂಡಿಯ ಕೆಳಗೆ ಅರೆನಿದ್ದೆಯಲ್ಲಿ ಕಂಡದ್ದಕ್ಕೂ ನಿಜವಾಗಿ ಕಂಡದ್ದಕ್ಕೂ ಈಗ ಗೆರೆ ಎಳೆಯಲಾರೆ. ಬಾವಿಯ ನೀರು ಬೆಲ್ಲದ ಹಾಗೇನೂ ಇರಲಿಲ್ಲ, ತುಸು ಸವಳೇ ಇತ್ತು. ಆದರೂ ಅಪ್ಪ ಕುಡಿದು "ನೋಡಿದ್ಯಾ?" ಎಂದಾಗ ನನಗೆ ಸಿಹಿಯೇ ಹತ್ತಿತು. ಹೊರ್ತಿ ಅಮ್ಮ ಸಣ್ಣ ಹೆಂಗಸು, ಗೋಡೆ ಹಿಡಿದು ನಡೆಯುತ್ತಿದ್ದಳು. ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ ಕಾಲಿಗೆ ನೀರು ಹಾಕಿ, ರೊಟ್ಟಿಯ ತುಣುಕು ನಿವಾಳಿಸಿ ಒಗೆದಳು. ನಮ್ಮ ಚಿಗವ್ವಂದಿರು ಬಂದಾಗ ಆಯಿ ಮಾಡುವಂತೆಯೇ ಎಲ್ಲ.

ಅಪ್ಪ ಅಲ್ಲಿ ಬೇರೆಯೇ ಮನುಷ್ಯನಾದ. ಬಿಸಿಲು ಮೇಲೇರುವ ತನಕ ಮಲಗಿದ. ಅಡಿಗೆ ಮನೆಯೊಳಗೆ ಹೋಗಿ ಒಲೆಯ ಮುಂದೆಯೇ ಚಕ್ಕಳ ಮಕ್ಕಳ ಹಾಕಿ ಕೂತು "ಅವ್ವಾ, ಇನ್ನೊಂದು ರೊಟ್ಟಿ ತಾ, ಸುಡುಸುಡೂದು," ಎಂದ. ಅಷ್ಟು ಗಟ್ಟಿ ದನಿ ಅಪ್ಪನಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಬಾಯಿಗೆ ಸೆರಗು ಹಿಡಿದು ನಗುತ್ತ "ತವರಿಗಿ ಬಂದಾರ, ಉಣ್ಲಿ ಬಿಡ್ರಿ," ಎಂದಳು. ಪಂಚಮಿಯ ದಿನ ಹುಣಸೇಮರದ ಜೋಕಾಲಿಯ ಹತ್ತಿರ ಹೆಣ್ಣುಮಕ್ಕಳ ಜಾತ್ರೆಯೇ ನೆರೆದಿತ್ತು. ಹೊತ್ತು ಇಳಿದು ಎಲ್ಲರೂ ಮನೆಗೆ ಹೋದ ಮೇಲೆ ಹೊರ್ತಿ ಅಮ್ಮ "ಕುಂದ್ರೋ ಸಿದ್ದೂ," ಎಂದಳು. ಅಪ್ಪ ಅತ್ತಿತ್ತ ನೋಡಿ, ಧೋತರ ಮೇಲೆ ಕಟ್ಟಿ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜೋಕಾಲಿ ಏರಿದ. ಅಮ್ಮ ಹಿಂದಿನಿಂದ ಬಲವಿಲ್ಲದ ಕೈಯಿಂದ ನೂಕಿದಳು. ಶ್ರಾವಣದ ಗಾಳಿ, ತುಂತುರು, ಹಸಿ ಮಣ್ಣಿನ ವಾಸನೆ. ನಾನು ಕಣ್ಣು ಮುಚ್ಚಿದೆ. ಮೀಸೆ ಹೊತ್ತ ಅಪ್ಪ ಮಕ್ಕಳ ಹಾಗೆ ನಗುತ್ತಿದ್ದ, ಆ ನಗು ಅವನ ಎದೆಯಿಂದ ನನ್ನ ಬೆನ್ನಿಗೆ ತಾಗುತ್ತಿತ್ತು.

ಹಬ್ಬ ಮುಗಿದ ಮರುದಿನ ಸಂಜೆ. ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅಪ್ಪ ಬಂದು ಎದುರಿಗೆ ಕೂತ.

"ಅವ್ವಾ, ನಾ ಇನ್ನ ಹೋಗೂದಿಲ್ಲ," ಎಂದ.

ನನ್ನ ನಿದ್ದೆ ಹಾರಿತು. ಕಣ್ಣು ಮಾತ್ರ ತೆರೆಯಲಿಲ್ಲ.

"ಇಕಿ ಅವ್ವನ್ನೂ ಇಲ್ಲೇ ಕರಸ್ಕೊಂತೇನಿ. ಕೂಲಿ ಮಾಡಿ ಉಣ್ತೇನಿ. ಅಲ್ಲಿ ಯಾರೂ ಬೈಯೂದಿಲ್ಲ, ಹೊಡಿಯೂದಿಲ್ಲ, ಖರೆ. ಆದ್ರ ಅವ್ವಾ, ನಕ್ಕರೂ ಯಾರರೆ ಏನಂತಾರೋ ಅಂತ ನೋಡಿ ನಗಬೇಕು."

ಅಮ್ಮನ ಬೆರಳುಗಳು ಅಕ್ಕಿಯಲ್ಲಿ ಆಡುತ್ತಲೇ ಇದ್ದವು. ಒಂದೆರಡು ಹರಳು ಆರಿಸಿ ಎಸೆದಳು.

"ನನಗ ಹೆಣ್ಣ ಹುಟ್ಟಲಿಲ್ಲ ಸಿದ್ದೂ," ಎಂದಳು ಕಡೆಗೆ. "ಹೆಣ್ಣಿದ್ರ ಕೊಡ್ತಿದ್ನಿ. ಅವರ ಮನ್ಯಾಗ ಗಂಡಿಲ್ಲ, ಕೇಳಾಕ ಬಂದ್ರು. ನಿಮ್ಮಪ್ಪ ಒಲ್ಲೆ ಅಂದಿದ್ದ, ನಾನ ಹೂಂ ಅಂದಾಕಿ. ಅಲ್ಲಿ ಹೊಟ್ಟಿತುಂಬ ಉಣ್ತಿ ಅಂತ ಕೊಟ್ನಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರ. ಕೊಟ್ಟ ಗಂಡೂ ಹಂಗಪ."

"ಅವ್ವಾ."

"ನಾನೂ ಈ ಮನಿಗಿ ಬ್ಯಾರೆ ಕಡಿಂದ ಬಂದಾಕಿನ. ಬಂದ ವರ್ಷ ಹೊಳ್ಳಿ ಓಡಿ ಹೋಗಿದ್ನಿ ನಮ್ಮವ್ವನ ಹಂತ್ಯಾಕ. ಆಕಿ ಎರಡ ದಿನ ಇಟಗೊಂಡು, ಉಡಿ ತುಂಬಿ ಕಳಿಸಿದಳು. ಆಕಿ ಮ್ಯಾಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ನನ್ನ ಮ್ಯಾಲ ನಿನಗೂ ಇರ್ಲಿ. ಅಲ್ಲಿ ನಿನ್ನ ಹೇಣ್ತಿ ಬಸ್ಸಿನ ಹಾದಿ ನೋಡ್ತಿರ್ತಾಳ. ಇಲ್ಲಿ ನಾ ಎಷ್ಟ ದಿನ ಇರ್ತೇನಿ?"

ನನ್ನ ಕೆನ್ನೆಯ ಮೇಲೆ ಒಂದು ಹನಿ ಬಿತ್ತು. ಮುತ್ಯಾನಿಗೆ ಕೊಟ್ಟ ಮಾತು ಉಳಿಯಿತೆಂದು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಅಪ್ಪನನ್ನು ಅಲ್ಲೇ ಬಿಟ್ಟು ಹೋಗಬೇಕು ಎನ್ನಿಸಿತು, ಬಿಟ್ಟು ಹೋದರೆ ಹೇಗಪ್ಪಾ ಎಂದು ಅಳುವೂ ಬಂತು.

ಮರುದಿನ ಮುಂಜಾನೆ ಅಮ್ಮ ನಡುಮನೆಯಲ್ಲಿ ಮಣೆ ಹಾಕಿದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣಕೊಂಬು, ಒಂದು ಕುಪ್ಪಸದ ಖಣ. "ಬಾ, ಕುಂದ್ರು," ಎಂದಳು. ದೊಡ್ಡವ್ವ ನಕ್ಕೇಬಿಟ್ಟಳು. "ಅತ್ತಿ, ಗಂಡಸರಿಗಿ ಉಡಿ ಎಲ್ಲಿ ಇರ್ತೈತ್ರಿ?"

ಅಪ್ಪ ನಗಲಿಲ್ಲ. ಮಣೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತ. ಹೆಗಲ ಮೇಲಿನ ವಲ್ಲಿ ತೆಗೆದು, ಅದರ ಎರಡು ತುದಿ ನಡುವಿಗೆ ಸುತ್ತಿ ಕಟ್ಟಿ, ಉಳಿದ ಎರಡು ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಒಡ್ಡಿದ. ಅಮ್ಮ ಅವನ ಹಣೆಗೆ ಕುಂಕುಮ ಹಚ್ಚಿ, ಐದು ಸಲ ಬೊಗಸೆ ತುಂಬಿ ಅಕ್ಕಿ ಹಾಕಿದಳು. ಒಂದಿಷ್ಟು ನೆಲಕ್ಕೆ ಚೆಲ್ಲಿತು. ಆಮೇಲೆ ಒಂದೊಂದೇ ಎಲ್ಲವನ್ನೂ ಇಟ್ಟಳು. "ಖಣ ನಿನ್ನ ಹೇಣ್ತಿಗಿ," ಎಂದಳು.

ಉಡಿ ತುಂಬಿಸಿಕೊಂಡ ಹೆಣ್ಣುಮಗಳು ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿನ ತಟ್ಟೆಗೆ ಹೊಳ್ಳಿ ಹಾಕಬೇಕು. ಎಲ್ಲವನ್ನೂ ಬಳಿದುಕೊಂಡು ಹೋಗಬಾರದು. ಅದನ್ನು ಅಪ್ಪನಿಗೆ ಯಾರೂ ಹೇಳಿಕೊಡಲಿಲ್ಲ. ಎಷ್ಟು ಪಂಚಮಿ ಅವನು ಕಂಬದ ಮಗ್ಗುಲಲ್ಲಿ ನಿಂತು ನೋಡಿದ್ದನೋ. ಒಂದು ಹಿಡಿ ತೆಗೆದು ತಟ್ಟೆಗೆ ಹಾಕಿ, "ತವರು ತಣ್ಣಗಿರ್ಲಿ," ಎಂದ. ದೊಡ್ಡವ್ವನ ನಗು ನಿಂತುಹೋಯಿತು. ಅವಳು ಗೋಡೆಯ ಕಡೆ ತಿರುಗಿ ನಿಂತಳು. ಅವಳ ತವರು ಎಲ್ಲಿತ್ತೋ, ಕರೆಯಲು ಯಾರು ಬರುತ್ತಿದ್ದರೋ, ನಾನು ಕೇಳಲಿಲ್ಲ.

"ಮುಂದಿನ ಪಂಚಮಿಗೂ ಕರ್ಯಾಕ ಕಳಿಸ್ತೇನಿ," ಎಂದಳು ಅಮ್ಮ ಬಾಗಿಲಲ್ಲಿ. ಕಳಿಸಲಿಲ್ಲ. ಸುಗ್ಗಿಗೆ ಮೊದಲೇ ತೀರಿಕೊಂಡಳು.

ದೊಡ್ಡಪ್ಪ ಬಸ್ಸಿನ ತನಕ ಬಂದ. "ಸಿದ್ದೂ, ಅದನ್ನ ಚೀಲದಾಗ ಹಾಕ್ಕೋಪಾ, ಮಂದಿ ನೋಡ್ತಾರ," ಎಂದ. ಅಪ್ಪ ತಲೆಯಲ್ಲಾಡಿಸಿದ. ಇಡೀ ಹಾದಿ ಉಡಿಯನ್ನು ಎರಡು ಕೈಯಿಂದ ಹೊಟ್ಟೆಗೊತ್ತಿಕೊಂಡು ಕೂತ. ಇಂಡಿಯಲ್ಲಿ ಚಹಾ ಬೇಡವೆಂದ, ಚಹಾಕ್ಕೆ ಕೈ ಬೇಕಲ್ಲ. ಕಂಡಕ್ಟರನು "ಏನ ಕಾಕಾ, ಎಷ್ಟ ತಿಂಗಳ?" ಎಂದು ಕೇಳಿದ. ಬಸ್ಸು ನಕ್ಕಿತು. ಹಿಂದೆ ಉಡಿ ತುಂಬಿಸಿಕೊಂಡು ಕೂತಿದ್ದ ಒಬ್ಬ ಹೆಣ್ಣುಮಗಳು ಮಾತ್ರ ನಗಲಿಲ್ಲ. ಅಪ್ಪನ ವಲ್ಲಿಯನ್ನೂ ಹಣೆಯ ಕುಂಕುಮವನ್ನೂ ನೋಡಿದಳು, ಎದ್ದು ಬಂದು ಜಾರುತ್ತಿದ್ದ ವಲ್ಲಿಯ ಗಂಟು ಬಿಗಿದು ಕಟ್ಟಿ, ತನ್ನ ಜಾಗಕ್ಕೆ ಹೋಗಿ ಕೂತಳು.

ಹೊತ್ತು ಮುಳುಗುವ ಮುಂಚೆ ಯಂಕಂಚಿ ಮುಟ್ಟಿದೆವು. ಬಸ್ಸು ನಿಲ್ಲುವಲ್ಲಿ ಕಟ್ಟೆಯ ಮೇಲೆ ಮುತ್ಯಾ ಕೂತಿದ್ದ. ನಿನ್ನೆ ಮುಂಜಾನೆಯಿಂದ ಬಂದ ಬಸ್ಸಿಗೆಲ್ಲ ಎದ್ದು ನಿಂತು ನೋಡಿದ್ದಾನೆ ಎಂದು ಚಹಾದಂಗಡಿಯವನು ಕೂಗಿ ಹೇಳಿದ. ಮುತ್ಯಾ ಅದನ್ನು ಕೇಳದವನ ಹಾಗೆ ನಮ್ಮತ್ತ ಬಂದ. ಅಪ್ಪನ ನಡುವಿನ ಗಂಟು ನೋಡಿದ, ಅಪ್ಪನ ಮುಖ ನೋಡಲಾಗದೆ ನನ್ನ ಕಡೆ ತಿರುಗಿದ.

"ಕರಕೊಂಡ ಬಂದ್ಯಾ ಅವ್ವಿ?" ಎಂದ.

ಮಕ್ಕಳ ಬಾಯಿ ನೋಡಿ, ಮುಚ್ಚಿಕೊಳ್ಳಲು ಕಲಿತಿರುವುದಿಲ್ಲ. "ನಾ ಅಲ್ಲ ಮುತ್ಯಾ. ಅಪ್ಪ ಬರೂದಿಲ್ಲ ಅಂದಿದ್ದ. ಹೊರ್ತಿ ಅಮ್ಮ ಉಡಿ ತುಂಬಿ ಕಳಿಸಿದಳು," ಎಂದುಬಿಟ್ಟೆ.

ಅಪ್ಪ ತಲೆ ತಗ್ಗಿಸಿದ. ಕಟ್ಟೆಯ ಮೇಲಿನ ಮಂದಿ ಮಾತು ನಿಲ್ಲಿಸಿ ನೋಡುತ್ತಿದ್ದರು. ಯಾರೋ ಒಬ್ಬ "ಗಂಡಸಗ ಉಡಿ ಅಂತ್ರೋ," ಎಂದು ನಗಲು ಸುರುಮಾಡಿದ. ಮುತ್ಯಾ ಅವನತ್ತ ಒಮ್ಮೆ ನೋಡಿದ. ಆಮೇಲೆ ತಲೆಯ ರುಮಾಲು ಸರಿಮಾಡಿಕೊಂಡು, ಕೋಲು ಎತ್ತಿ, ನಮ್ಮ ಮುಂದೆ ನಡೆಯತೊಡಗಿದ. ಓಣಿಯುದ್ದಕ್ಕೂ ಅಡ್ಡ ಬಂದ ದನವನ್ನೂ ಹುಡುಗರನ್ನೂ ಗದರಿಸುತ್ತ, ಮನೆಮನೆಯ ಬಾಗಿಲಿಗೂ ಕೇಳುವ ಹಾಗೆ ಹೇಳುತ್ತ ಹೋದ.

"ಸರೀರಿ, ಹಾದಿ ಬಿಡ್ರಿ. ನನ್ನ ಮಗ ಉಡಿ ತುಂಬಿಸ್ಕೊಂಡ ಬಂದಾನ."

ಅಪ್ಪನ ಕಣ್ಣಿಂದ ನೀರು ಇಳಿದು ಮೀಸೆ ತೋಯಿಸುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಕೈ ಖಾಲಿ ಇರಲಿಲ್ಲ.